ವಿದೇಶಿ ಪದವಿ ಇಲ್ಲದೆ ಅಂತರರಾಷ್ಟ್ರೀಯ ವ್ಯವಹಾರ ಕಾನೂನಿನ ಪ್ರಾಧ್ಯಾಪಕರಾಗಬಹುದೇ?

ಹುಬ್ಬಳ್ಳಿಯಲ್ಲಿ ಎಲ್‌ಎಲ್‌ಬಿ ಕೊನೆಯ ವರ್ಷದಲ್ಲಿದ್ದೇನೆ, ಬೇರೆ ಬೇರೆ ದೇಶಗಳ ಕಂಪನಿ ಕಾನೂನನ್ನು ಹೋಲಿಸಿ ಓದಿ ಪಾಠ ಮಾಡುವ ಆಸೆಯಿದೆ, ಹೊರದೇಶದ ಪದವಿ ಬೇಕೇಬೇಕಾ ಅಂತ ಕೇಳಿದ್ದೀರಿ. ಬೇಕೇಬೇಕು ಅಂತೇನಿಲ್ಲ. ಇದೇ ವಿಷಯ ಪಾಠ ಮಾಡುವವಳಾಗಿ ಧೈರ್ಯದಿಂದ ಹೇಳುತ್ತೇನೆ.

ನೌಕರಿಯ ದಾರಿ ಎಲ್ಲರಿಗೂ ಗೊತ್ತಿರುವುದೇ: ಎಲ್‌ಎಲ್‌ಎಂನಲ್ಲಿ ಶೇ 55 ಅಂಕ, ನೆಟ್ ಅಥವಾ ಕೆಸೆಟ್ (ರಾಷ್ಟ್ರ, ರಾಜ್ಯ ಮಟ್ಟದ ಅಧ್ಯಾಪಕ ಅರ್ಹತಾ ಪರೀಕ್ಷೆಗಳು), ಆಮೇಲೆ ಪಿಎಚ್‌ಡಿ. ಕಷ್ಟವಿರುವುದು ಸಂಶೋಧನೆಯ ವಿಷಯ ಹಿಡಿಯುವುದರಲ್ಲಿ. ನನ್ನ ಕೈಗೆ ಬರುವ ಎಷ್ಟೋ ಪ್ರಬಂಧಗಳು ಎರಡು ದೇಶದ ಸೆಕ್ಷನ್‌ಗಳನ್ನು ಅಕ್ಕಪಕ್ಕ ಬರೆದು ಮುಗಿದುಬಿಡುತ್ತವೆ. ಅದು ಹೋಲಿಕೆಯಲ್ಲ. ನಮ್ಮ 2013ರ ಕಂಪನಿ ಕಾಯ್ದೆಯ 166ನೇ ಸೆಕ್ಷನ್, ಬ್ರಿಟನ್ನಿನ 2006ರ ಕಾಯ್ದೆಯ 172ನೇ ಸೆಕ್ಷನ್ ಎರಡೂ ನಿರ್ದೇಶಕರು ನೌಕರರ, ಪರಿಸರದ ಹಿತವನ್ನೂ ಗಮನಿಸಬೇಕು ಅನ್ನುತ್ತವೆ. ಆದರೆ ಇಲ್ಲಿ ಅನೇಕ ದೊಡ್ಡ ಕಂಪನಿಗಳು ಪ್ರವರ್ತಕ (ಪ್ರಮೋಟರ್) ಕುಟುಂಬದ ಹಿಡಿತದಲ್ಲಿವೆ, ಬ್ರಿಟನ್ನಿನಲ್ಲಿ ಷೇರುಗಳು ಹೂಡಿಕೆ ಸಂಸ್ಥೆಗಳ ನಡುವೆ ಹಂಚಿಹೋಗಿವೆ. ಹಾಗಿರುವಾಗ ನಿರ್ದೇಶಕ ನಿಜಕ್ಕೂ ಯಾರ ಮಾತಿಗೆ ಹೆದರುತ್ತಾನೆ? ನಿಮ್ಮ ಕೆಲಸ ಆ ಪ್ರಶ್ನೆಯಿಂದ ಶುರುವಾಗಬೇಕು.

ಗಡಿ ದಾಟುವ ವ್ಯವಹಾರ ಕಲಿಯಲು ದೂರ ಹೋಗಬೇಕಿಲ್ಲ. ಬೆಂಗಳೂರಿನ ಆಂಟ್ರಿಕ್ಸ್–ದೇವಾಸ್ ಪ್ರಕರಣವನ್ನೇ ತೆಗೆದುಕೊಳ್ಳಿ. 2005ರಲ್ಲಿ ಇಸ್ರೋದ ವಾಣಿಜ್ಯ ಸಂಸ್ಥೆ ಆಂಟ್ರಿಕ್ಸ್, ದೇವಾಸ್ ಎಂಬ ಖಾಸಗಿ ಕಂಪನಿಯ ಜೊತೆ ಮಾಡಿಕೊಂಡ ಉಪಗ್ರಹ ಒಪ್ಪಂದ 2011ರಲ್ಲಿ ರದ್ದಾಯಿತು. 2015ರಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ (ಆರ್ಬಿಟ್ರೇಶನ್) ಮಂಡಳಿ ದೇವಾಸ್‌ಗೆ 56.25 ಕೋಟಿ ಡಾಲರ್ ಪರಿಹಾರ ಕೊಡಿಸಿತು. ದೇವಾಸ್‌ನಲ್ಲಿ ಹಣ ಹಾಕಿದ್ದ ಮಾರಿಷಸ್ ಮತ್ತು ಜರ್ಮನಿಯ ಹೂಡಿಕೆದಾರರು, ತಮ್ಮ ದೇಶಗಳು ಭಾರತದೊಂದಿಗೆ ಮಾಡಿಕೊಂಡಿದ್ದ ಹೂಡಿಕೆ ಒಪ್ಪಂದ ಹಿಡಿದು ಭಾರತ ಸರ್ಕಾರದ ಮೇಲೆಯೇ ಬೇರೆ ದಾವೆ ಹೂಡಿದರು. ಇತ್ತ 2021ರಲ್ಲಿ ಎನ್‌ಸಿಎಲ್‌ಟಿ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಬೆಂಗಳೂರು ಪೀಠ ವಂಚನೆಯ ಕಾರಣಕ್ಕೆ ದೇವಾಸನ್ನು ಮುಚ್ಚಲು ಆದೇಶಿಸಿತು, 2022ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೂ ವಸೂಲಿಯ ಜಗಳ 2025ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಮುಟ್ಟಿತು! ಒಂದು ದೇಶದಲ್ಲಿ ವಂಚಕ ಎನಿಸಿಕೊಂಡ ಕಂಪನಿಯ ಪರವಾದ ತೀರ್ಪು ಇನ್ನೊಂದು ದೇಶದಲ್ಲಿ ಹೇಗೆ ಜೀವಂತವಾಗಿರುತ್ತದೆ? ಒಂದು ಪಿಎಚ್‌ಡಿಗೆ ಇದು ಧಾರಾಳ ಸಾಕು. ಕೋರ್ಟುಗಳ ಮುಖ್ಯ ತೀರ್ಪುಗಳು ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ, ಸಾರಾಂಶ ನಂಬಬೇಡಿ, ಪೂರ್ತಿ ಓದಿ.

ವಿದೇಶಕ್ಕೆ ಪಿಎಚ್‌ಡಿ ನಡುವೆ ಕೆಲವು ತಿಂಗಳು ಹೋದರೂ ನಡೆಯುತ್ತದೆ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿರುವ ಮ್ಯಾಕ್ಸ್ ಪ್ಲ್ಯಾಂಕ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯ ಈ ವಿಷಯಕ್ಕೆ ಹೆಸರುವಾಸಿ. ಆದರೆ ಜರ್ಮನ್ ಭಾಷೆ ಈಗಲೇ ಶುರುಮಾಡಿ. ಎರಡು ಸಾವಿರಕ್ಕಿಂತ ಹೆಚ್ಚು ನೌಕರರಿರುವ ಕಂಪನಿಯ ಮೇಲ್ವಿಚಾರಣಾ ಮಂಡಳಿಯಲ್ಲಿ ಅರ್ಧ ಸ್ಥಾನ ನೌಕರರ ಪ್ರತಿನಿಧಿಗಳಿಗೆ ಅನ್ನುವ ಜರ್ಮನಿಯ 1976ರ ಕಾಯ್ದೆ ಆ ಮಂಡಳಿಯೊಳಗೆ ಹೇಗೆ ನಡೆಯುತ್ತದೆ ಅನ್ನುವುದು ಇಂಗ್ಲಿಷ್ ಲೇಖನಗಳಲ್ಲಿ ಅರ್ಧವೂ ಸಿಗುವುದಿಲ್ಲ.