‘ಬುದ್ಧಿ ಹೇಳಿ ಕಳಿಸಿ’ ಎಂದು ಬಂದ ರೋಗಿ

ಔಷಧಿ ಅರ್ಧಕ್ಕೆ ಬಿಟ್ಟ ರೋಗಿಗಳನ್ನು ವೈದ್ಯರು ಆಪ್ತಸಲಹೆಗೆಂದು ನನ್ನ ಹತ್ತಿರ ಕಳಿಸುವಾಗ ಚೀಟಿಯಲ್ಲಿ ಹೆಚ್ಚುಕಡಿಮೆ ಒಂದೇ ಸಾಲು ಇರುತ್ತದೆ: ‘ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ, ಬುದ್ಧಿ ಹೇಳಿ.’ ಒಬ್ಬರಿಗೆ ಕ್ಷಯ, ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ, ಮತ್ತೊಬ್ಬರಿಗೆ ಎಚ್‌ಐವಿ. ಕಾಯಿಲೆ ಬದಲಾದರೂ ಚೀಟಿ ಬದಲಾಗುವುದಿಲ್ಲ. ಇಂಥವರು ಮತ್ತೆ ಮತ್ತೆ ಬರುತ್ತಿರುವುದರಿಂದ ಅವರಲ್ಲಿ ಒಬ್ಬರ ವಿಷಯವನ್ನು ಇಲ್ಲಿ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ಕೆಲಸ, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಅವರು ನಲವತ್ತರ ಆಸುಪಾಸಿನವರು. ಮೈಮುರಿದು ದುಡಿದು ಮನೆ ನಡೆಸುತ್ತಿದ್ದವರು. ಶ್ವಾಸಕೋಶದ ಕ್ಷಯ ಎಂದು ಗೊತ್ತಾಗಿ ಆರು ತಿಂಗಳ ಚಿಕಿತ್ಸೆ ಶುರುವಾಯಿತು. ಮೊದಲ ಎರಡು ತಿಂಗಳು, ಹೆಚ್ಚು ಔಷಧಿ ಕೊಡುವ ತೀವ್ರ ಹಂತವನ್ನು ಒಂದು ದಿನವೂ ತಪ್ಪಿಸದೆ ಮುಗಿಸಿದರು. ಕಫ ಪರೀಕ್ಷೆಯಲ್ಲಿ ರೋಗಾಣು ಕಾಣಲಿಲ್ಲ. ಅದಾದ ಮೇಲೆ ಮಾತ್ರೆ ಬಿಟ್ಟರು. ಆರೋಗ್ಯ ಕಾರ್ಯಕರ್ತೆ ಮನೆಗೆ ಹೋಗಿ ಮತ್ತೆ ಶುರು ಮಾಡಿಸಿದರು. ಮತ್ತೆ ಬಿಟ್ಟರು. ಅರ್ಧಕ್ಕೆ ಬಿಟ್ಟರೆ ಔಷಧಿಗೆ ಬಗ್ಗದ ಕ್ಷಯ ಬರಬಹುದು, ಆಗ ಚಿಕಿತ್ಸೆ ಇನ್ನೂ ಕಷ್ಟ ಎಂದು ಎಲ್ಲರೂ ಹೇಳಿದ್ದರು, ಇವರು ತಲೆಯಾಡಿಸಿದ್ದರು. ‘ಕೆಮ್ಮು ನಿಂತಿತಲ್ಲ, ವಾಸಿಯಾಯಿತು ಅಂದುಕೊಂಡಿದ್ದಾರೆ’ ಎಂಬುದು ಎಲ್ಲರ ಊಹೆ. ಕಾರ್ಡಿನ ಮೇಲೆ ‘ಅಸಡ್ಡೆ’ ಎಂದು ಬರೆದಾಗಿತ್ತು.

ನನ್ನ ಮುಂದೆ ಕೂತಾಗ ಜೊತೆಗೆ ಹೆಂಡತಿಯೂ ಇದ್ದರು. ನಾನು ಕೇಳಿದ ಪ್ರತಿಯೊಂದಕ್ಕೂ ಅವರೇ ಉತ್ತರ ಕೊಟ್ಟರು. ಅವರು ಕೆಟ್ಟವರಲ್ಲ, ಬೇಸತ್ತವರು. ‘ಎಷ್ಟು ಹೇಳಿದ್ರೂ ಅಷ್ಟೇ ಮೇಡಂ, ನೀವಾದ್ರೂ ಸ್ವಲ್ಪ ಗದರಿಸಿ ಹೇಳಿ’ ಎಂದರು. ಸ್ವಲ್ಪ ಹೊತ್ತು ಹೊರಗೆ ಕೂತಿರಿ, ಆಮೇಲೆ ಖಂಡಿತ ಕರೆಯುತ್ತೇನೆ ಎಂದು ಅವರನ್ನು ಕಳಿಸಿದೆ. ಬಾಗಿಲು ಹಾಕಿದ ಮೇಲೂ ಇವರು ನೆಲ ನೋಡುತ್ತಲೇ ಇದ್ದರು. ಕೊರಳಪಟ್ಟಿಯ ಗುಂಡಿ ಕಿತ್ತುಹೋಗಿದ್ದ ಜಾಗದ ದಾರವನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದರು.

“ಮಾತ್ರೆ ವಿಷಯ ಆಮೇಲೆ ನೋಡೋಣ. ರಾತ್ರಿ ನಿದ್ದೆ ಹೇಗಿದೆ?” ಎಂದೆ.

“ಮಲಗಿದ ತಕ್ಷಣ ಬರುತ್ತೆ. ಮೂರು ಗಂಟೆಗೆ ಎಚ್ಚರ ಆಗಿಬಿಡುತ್ತೆ.”

“ಕೆಮ್ಮು ಬಂದಾ?”

“ಇಲ್ಲ, ಕೆಮ್ಮು ನಿಂತು ಎಷ್ಟೋ ದಿನ ಆಯ್ತು. ಸುಮ್ನೆ ಎಚ್ಚರ ಆಗುತ್ತೆ. ಬೆಳಗಾಗೋವರೆಗೂ ಹಾಗೇ ಬಿದ್ದಿರ್ತೀನಿ.”

“ಆ ಹೊತ್ತಲ್ಲಿ ಏನು ಯೋಚನೆ ಬರುತ್ತೆ?”

“ನನ್ನಿಂದ ಎಲ್ರಿಗೂ ತೊಂದ್ರೆ ಆಯ್ತಲ್ಲ ಅಂತ.”

“ಕಾಯಿಲೆ ಬರೋಕೆ ಮುಂಚೆ ಯಾವುದರಲ್ಲಿ ಖುಷಿ ಇತ್ತು?”

ಬಹಳ ಹೊತ್ತು ಸುಮ್ಮನಿದ್ದರು. “ಚಿಕ್ಕ ಮಗಳನ್ನ ಹೆಗಲ ಮೇಲೆ ಕೂರಿಸ್ಕೊಂಡು ತಿರುಗ್ತಿದ್ದೆ. ಈಗ ಅವಳು ಹತ್ತಿರ ಬಂದ್ರೂ ಬೇಡ ಅನ್ಸುತ್ತೆ.”

“ಕಾಯಿಲೆ ಅಂಟುತ್ತೆ ಅನ್ನೋ ಭಯಾನಾ?”

“ಮೊದ್ಲು ಅದೇ ಭಯ ಇತ್ತು. ಈಗ ಅಂಟಲ್ಲ ಅಂತ ಡಾಕ್ಟ್ರು ಹೇಳಿದಾರೆ. ಆದ್ರೂ ಬೇಡ ಅನ್ಸುತ್ತೆ.”

ಇಷ್ಟು ಕೇಳಿದ ಮೇಲೆ ಮುಂದಿನ ಪ್ರಶ್ನೆಯನ್ನು ಸುತ್ತಿ ಬಳಸಿ ಕೇಳುವುದು ಸರಿಯಲ್ಲ ಅನ್ನಿಸಿತು. “ಬದುಕಿರೋದೇ ಬೇಡ, ಸತ್ತುಹೋದ್ರೆ ಸಾಕು ಅಂತ ಅನ್ಸಿದೆಯಾ?” ಎಂದು ನೇರವಾಗಿ ಕೇಳಿದೆ.

ಆಗ ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದರು. “ನಾನಾಗಿ ಏನೂ ಮಾಡ್ಕೊಳಲ್ಲ ಮೇಡಂ. ಮಾತ್ರೆ ತಗೊಳ್ದೆ ಇದ್ರೆ ಸಾಕಲ್ಲ. ಕಾಯಿಲೆಯಿಂದ ಹೋದ ಅಂತಾರೆ. ಹೆಂಡ್ತಿ ಮಕ್ಕಳಿಗೆ ಕೆಟ್ಟ ಹೆಸರು ಬರಲ್ಲ.”

ಅವರ ದನಿಯಲ್ಲಿ ಅಳು ಇರಲಿಲ್ಲ. ಹಲವು ರಾತ್ರಿ ಕೂತು ಲೆಕ್ಕ ಹಾಕಿದವರು ಹೇಳುವ ಹಾಗೆ ಹೇಳಿದರು. ಅಷ್ಟು ದಿನ ‘ಅಸಡ್ಡೆ’ ಎಂದು ಕಾರ್ಡಿನಲ್ಲಿ ಬರೆದಿದ್ದು, ಒಬ್ಬ ಮನುಷ್ಯ ಮನೆಯವರ ಮಾನ ಕಾಪಾಡಿಕೊಂಡು ಸಾಯಲು ಹುಡುಕಿಕೊಂಡಿದ್ದ ದಾರಿ. ‘ಮಾತ್ರೆ ಯಾಕೆ ಬಿಟ್ಟಿರಿ?’ ಎಂದು ಎಲ್ಲರೂ ಕೇಳಿದ್ದರು. ಅದಕ್ಕೆ ‘ಹೊಟ್ಟೆ ತೊಳೆಸುತ್ತೆ’ ಎಂಬ ಉತ್ತರ ಸಾಕಾಗಿತ್ತು. ನಿದ್ದೆ ಹೇಗಿದೆ, ಯಾವುದರಲ್ಲಿ ಆಸೆ ಉಳಿದಿದೆ ಎಂದು ಒಬ್ಬರೂ ಕೇಳಿರಲಿಲ್ಲ.

ಅವರನ್ನು ನೋಡುತ್ತಿದ್ದ ಸಿಬ್ಬಂದಿಯನ್ನು ದೂರಿ ಮುಗಿಸುವುದು ನನ್ನ ಉದ್ದೇಶವಲ್ಲ. ಕ್ಷಯ ರೋಗಿಯಲ್ಲಿ ಖಿನ್ನತೆಯನ್ನು ಗುರುತಿಸುವುದು ನಿಜಕ್ಕೂ ಕಷ್ಟ. ತೂಕ ಇಳಿಯುವುದು, ಹಸಿವಿಲ್ಲದಿರುವುದು, ಸುಸ್ತು, ನಿದ್ದೆಗೇಡು ಇವೆಲ್ಲ ಎರಡೂ ಕಾಯಿಲೆಗಳಲ್ಲಿ ಇರುತ್ತವೆ. ರೋಗಿ ಇವನ್ನು ಹೇಳಿದರೆ ಕೇಳುವವರು ಕ್ಷಯದ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ಹಾಗಾಗಿ ಕ್ಷಯದಿಂದ ಬರಲಾರದ ಲಕ್ಷಣಗಳ ಬೆನ್ನು ಹತ್ತಬೇಕು. ಮೊದಲು ಇಷ್ಟವಾಗುತ್ತಿದ್ದುದು ಈಗ ಬೇಡವಾಗಿದೆಯೇ? ನಾನು ಯಾರಿಗೂ ಬೇಡದವನು, ಹೊರೆ ಎಂಬ ಭಾವನೆ ಇದೆಯೇ? ಮುಂದೆ ಒಳ್ಳೆಯದಾಗುತ್ತದೆ ಎಂಬ ನಂಬಿಕೆ ಹೋಗಿದೆಯೇ? ಕೆಮ್ಮು ಅಡಗಿ, ಪರೀಕ್ಷೆ ಚೆನ್ನಾಗಿ ಬಂದ ಮೇಲೂ ಮುಖ ಅರಳದಿದ್ದರೆ ಅದೂ ಒಂದು ಸುಳಿವು. ಈ ಪ್ರಕರಣದಲ್ಲಿ ನನಗೆ ದಾರಿ ತೋರಿಸಿದ್ದು ಮಗಳ ಮಾತು. ಅಂಟುವುದಿಲ್ಲ ಎಂದು ತಿಳಿದ ಮೇಲೂ ಮಗು ಬೇಡ ಅನ್ನಿಸುವುದು ಶ್ವಾಸಕೋಶದ ತೊಂದರೆಯಿಂದಲ್ಲ.

ರೋಗಿಗಳು ಮನಸ್ಸಿನ ನೋವನ್ನು ಮನಸ್ಸಿನ ನೋವೆಂದು ಹೇಳಿಕೊಂಡು ಬರುವುದಿಲ್ಲ ಎಂಬುದು ಹಳೆಯ ವಿಷಯ. ಕೊಲಂಬಿಯಾ, ಭಾರತ, ಫಿಲಿಪ್ಪೀನ್ಸ್, ಸುಡಾನ್ ಈ ನಾಲ್ಕು ದೇಶಗಳ ಪ್ರಾಥಮಿಕ ಚಿಕಿತ್ಸಾ ಕೇಂದ್ರಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ನಡೆದ ಅಧ್ಯಯನ 1980ರಲ್ಲಿ ಪ್ರಕಟವಾಯಿತು. ನೋಡಿದ್ದು 1,624 ರೋಗಿಗಳನ್ನು. ಅವರಲ್ಲಿ 225 ಮಂದಿಗೆ, ಎಂದರೆ ನೂರಕ್ಕೆ ಸುಮಾರು 14 ಮಂದಿಗೆ, ಮಾನಸಿಕ ಕಾಯಿಲೆ ಇತ್ತು. ಬಹುತೇಕರು ಬಂದಿದ್ದು ತಲೆನೋವು, ಕೆಮ್ಮು, ನಿಶ್ಶಕ್ತಿ ಎಂದು. ಅಲ್ಲಿನ ಆರೋಗ್ಯ ಸಿಬ್ಬಂದಿ ಗುರುತಿಸಿದ್ದು ಮೂರರಲ್ಲಿ ಒಂದು ಪಾಲನ್ನು ಮಾತ್ರ. ‘ನಮ್ಮಂಥ ದೇಶದ ಜನ ಭಾವನೆಗಳನ್ನು ಹೇಳಿಕೊಳ್ಳುವುದಿಲ್ಲ, ಅದಕ್ಕೇ ಗೊತ್ತಾಗುವುದಿಲ್ಲ’ ಎಂಬ ಸಮಜಾಯಿಷಿಯನ್ನು ನಾನು ಒಪ್ಪುವುದಿಲ್ಲ. 14 ದೇಶಗಳ ಖಿನ್ನತೆಯ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 1999ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ವೈದ್ಯರ ಬಳಿ ಬರೀ ದೈಹಿಕ ತೊಂದರೆ ಹೇಳಿಕೊಂಡು ಬಂದವರು ನೂರಕ್ಕೆ 69. ಅದರಲ್ಲಿ ಶ್ರೀಮಂತ ದೇಶಗಳವರೂ ಇದ್ದರು. ನೇರವಾಗಿ ಕೇಳಿದಾಗ ಅವರಲ್ಲಿ ಹೆಚ್ಚಿನವರು ಮನಸ್ಸಿನ ಲಕ್ಷಣಗಳನ್ನೂ ಹೇಳಿದರು. ಜನ ಹೇಳುತ್ತಾರೆ, ಕೇಳುವವರು ಬೇಕು, ಕೇಳಲು ಎರಡು ನಿಮಿಷ ಬೇಕು.

ಆ ಎರಡು ನಿಮಿಷವೇ ಇಲ್ಲ ಎನ್ನುವವರ ಕಷ್ಟವೂ ನನಗೆ ಗೊತ್ತು. 67 ದೇಶಗಳ ಮಾಹಿತಿ ಸೇರಿಸಿ 2017ರಲ್ಲಿ ಪ್ರಕಟವಾದ ಲೆಕ್ಕದಲ್ಲಿ ಒಬ್ಬ ರೋಗಿಗೆ ವೈದ್ಯರು ಕೊಡುವ ಸರಾಸರಿ ಸಮಯ ಬಾಂಗ್ಲಾದೇಶದಲ್ಲಿ 48 ಸೆಕೆಂಡ್, ಸ್ವೀಡನ್‌ನಲ್ಲಿ 22 ನಿಮಿಷಕ್ಕೂ ಹೆಚ್ಚು. 48 ಸೆಕೆಂಡಿನಲ್ಲಿ ಯಾರ ಮನಸ್ಸೂ ಬಿಚ್ಚಿಕೊಳ್ಳುವುದಿಲ್ಲ. ಆದರೆ ಪ್ರಶ್ನೆಯನ್ನು ವೈದ್ಯರೇ ಕೇಳಬೇಕೆಂದಿಲ್ಲ. ತೂಕ ನೋಡುವವರು, ಮಾತ್ರೆ ಕೊಡುವವರು, ಮನೆಗೆ ಹೋಗುವ ಕಾರ್ಯಕರ್ತೆ ಯಾರು ಬೇಕಾದರೂ ಕೇಳಬಹುದು. ಆ ನಾಲ್ಕು ದೇಶಗಳ ಅಧ್ಯಯನಕ್ಕಾಗಿಯೇ ರೂಪಿಸಿದ, ಹೌದು–ಇಲ್ಲ ಎಂದಷ್ಟೇ ಉತ್ತರಿಸುವ 20 ಪ್ರಶ್ನೆಗಳ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಓದುಬರಹ ಬಾರದವರಿಗೆ ಓದಿ ಹೇಳಬಹುದು. ಅದೂ ಹೆಚ್ಚಾಯಿತು ಎಂದರೆ ಎರಡು ಪ್ರಶ್ನೆ ಸಾಕು: ಕಳೆದ ಎರಡು ವಾರದಲ್ಲಿ ಮನಸ್ಸು ಕುಗ್ಗಿದೆಯೇ, ಯಾವುದರಲ್ಲೂ ಆಸಕ್ತಿ ಇಲ್ಲದಂತಾಗಿದೆಯೇ. ಹೌದು ಎಂದವರೆಲ್ಲರಿಗೂ ಖಿನ್ನತೆ ಇರುತ್ತದೆ ಎಂದಲ್ಲ. ಅವರನ್ನು ಕೂರಿಸಿ ವಿಚಾರಿಸಬೇಕು ಎಂದಷ್ಟೇ ಅದರ ಅರ್ಥ. ಕೇಳಿ, ಅಂಕ ಬರೆದು, ಆಮೇಲೆ ಏನೂ ಮಾಡದೆ ಕಳಿಸುವುದಾದರೆ ದಯವಿಟ್ಟು ಕೇಳಬೇಡಿ. ಬಾಯಿಬಿಟ್ಟ ಮೇಲೂ ಯಾರೂ ಕೈಹಿಡಿಯಲಿಲ್ಲ ಎಂಬ ಅನುಭವ ಮುಂದಿನ ಸಲ ಅವರ ಬಾಯಿ ಕಟ್ಟುತ್ತದೆ.

ಇನ್ನು ನಾನು ಕೊಟ್ಟ ಸಲಹೆ. ಇದರಲ್ಲಿ ಒಂದೆರಡು ವಿಷಯಕ್ಕೆ ಸಹೋದ್ಯೋಗಿಗಳ ಆಕ್ಷೇಪಣೆ ಬಂತು, ಹಾಗಾಗಿ ಕಾರಣವನ್ನೂ ಹೇಳುತ್ತೇನೆ.

“ಇದು ಖಿನ್ನತೆ. ಕ್ಷಯದ ಹಾಗೆ ಇದೂ ಒಂದು ಕಾಯಿಲೆ. ನೀವು ಹೊರೆ ಅನ್ನೋದು ಆ ಕಾಯಿಲೆ ಆಡಿಸೋ ಮಾತು. ಇದಕ್ಕೆ ಚಿಕಿತ್ಸೆ ಇದೆ” ಎಂದು ಮೊದಲು ಅವರಿಗೇ ಹೇಳಿದೆ. ಧೈರ್ಯ ತಂದುಕೊಳ್ಳಿ, ಮಕ್ಕಳ ಮುಖ ನೋಡಿ ಎಂದು ಹೇಳಲಿಲ್ಲ. ಮಕ್ಕಳ ಒಳ್ಳೆಯದಕ್ಕೇ ಸಾಯಬೇಕು ಎಂದುಕೊಂಡಿರುವವರಿಗೆ ಆ ಮಾತು ಇನ್ನಷ್ಟು ಅಪರಾಧಿ ಭಾವ ತುಂಬುತ್ತದೆ.

ಎರಡನೆಯದು ಗುಟ್ಟಿನ ವಿಷಯ. “ನೀವು ಹೇಳಿದ್ದರಲ್ಲಿ ಈ ಒಂದು ಮಾತನ್ನ ನಾನು ನನ್ನಲ್ಲೇ ಇಟ್ಟುಕೊಳ್ಳೋಕೆ ಆಗಲ್ಲ. ನಿಮ್ಮ ಮನೆಯವರಿಗೆ ಗೊತ್ತಾಗಬೇಕು. ನೀವೇ ಹೇಳ್ತೀರಾ, ನಾನು ಹೇಳ್ಲಾ?” ಎಂದು ಕೇಳಿದೆ. “ನೀವೇ ಹೇಳಿ” ಎಂದರು. ಹೆಂಡತಿಯನ್ನು ಒಳಗೆ ಕರೆದು ಅವರ ಎದುರಿಗೇ ಹೇಳಿದೆ. ಇದು ಗೋಪ್ಯತೆಯ ಉಲ್ಲಂಘನೆ ಎಂದು ಒಬ್ಬ ಸಹೋದ್ಯೋಗಿ ವಾದಿಸಿದರು. ಜೀವಕ್ಕೆ ಅಪಾಯವಿದ್ದಾಗ ಗೋಪ್ಯತೆಗೆ ಮಿತಿ ಇದೆ. ಬೆನ್ನ ಹಿಂದೆ ಹೇಳದೆ, ಅವರಿಗೆ ತಿಳಿಸಿ, ಅವರ ಮುಂದೆ, ಬೇಕಾದಷ್ಟನ್ನೇ ಹೇಳುವುದು ಸರಿಯಾದ ಕ್ರಮ ಎಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಗದರಿಸಿ ಎಂದು ಕೇಳಿಕೊಂಡು ಬಂದಿದ್ದ ಆಕೆ ಗಂಡನ ಪಕ್ಕ ಕೂತು, “ನಂಗೆ ಒಂದ್ ಮಾತು ಹೇಳಬಾರದಿತ್ತಾ?” ಎಂದರು. ಮನೆಯಲ್ಲಿ ಒಂದೊಂದು ವಾರಕ್ಕಾಗುವಷ್ಟೇ ಮಾತ್ರೆ ಇರಲಿ, ಅದೂ ನಿಮ್ಮ ಕೈಯಲ್ಲಿರಲಿ, ಮೂರು ಗಂಟೆಗೆ ಎಚ್ಚರವಾದರೆ ನಿಮ್ಮನ್ನು ಎಬ್ಬಿಸಲಿ ಎಂದು ಅವರಿಗೆ ಹೇಳಿದೆ. ನಾನಿಲ್ಲದ ಹೊತ್ತಿಗೆ ಕರೆ ಮಾಡಲು 14416 ಬರೆದುಕೊಟ್ಟೆ. ಅದು ಭಾರತ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು.

ಸಾವಿನ ಪ್ರಶ್ನೆಯನ್ನು ಅಷ್ಟು ನೇರವಾಗಿ ಕೇಳಿದ್ದು ತಪ್ಪು, ಇಲ್ಲದ ಯೋಚನೆ ಹುಟ್ಟಿಸಿದಂತಾಗುತ್ತದೆ ಎಂಬುದು ಇನ್ನೊಂದು ಆಕ್ಷೇಪಣೆ. ಕೇಳುವುದರಿಂದ ಆತ್ಮಹತ್ಯೆಯ ಯೋಚನೆ ಹುಟ್ಟುವುದಿಲ್ಲ. ಇದನ್ನು ಪರೀಕ್ಷಿಸಿ ನೋಡಿದ ಸಂಶೋಧನೆಗಳು ಹೇಳುವುದೂ ಅದನ್ನೇ. ಇದ್ದವರಿಗೆ ಹೇಳಿಕೊಳ್ಳಲು ಬಾಗಿಲು ತೆರೆಯುತ್ತದೆ, ಅಷ್ಟೆ. ಈ ಭಯವೊಂದನ್ನು ಆರೋಗ್ಯ ಸಿಬ್ಬಂದಿಯ ಮನಸ್ಸಿನಿಂದ ತೆಗೆಯಲು ಸಾಧ್ಯವಾದರೆ ಎಷ್ಟೋ ಜೀವ ಉಳಿಯುತ್ತವೆ.

‘ಕ್ಷಯದ ಚಿಕಿತ್ಸೆ ಮುಗಿಯಲಿ, ಆಮೇಲೆ ಮನಸ್ಸಿನದು ನೋಡೋಣ’ ಎಂದವರೂ ಇದ್ದರು. ಮನಸ್ಸಿನದು ನೋಡದೆ ಕ್ಷಯದ ಚಿಕಿತ್ಸೆ ಮುಗಿಯುವಂತಿರಲಿಲ್ಲ. ಮನೋವೈದ್ಯರಿಗೆ ಬರೆದ ಪತ್ರದಲ್ಲಿ ಯಾವ್ಯಾವ ಮಾತ್ರೆ ನಡೆಯುತ್ತಿದೆ ಎಂಬುದನ್ನು ಮೊದಲು ಬರೆದೆ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್, ಖಿನ್ನತೆಯ ಅನೇಕ ಔಷಧಿಗಳನ್ನು ದೇಹ ಬೇಗ ಹೊರಹಾಕುವಂತೆ ಮಾಡುತ್ತದೆ. ಔಷಧಿಗೆ ಬಗ್ಗದ ಕ್ಷಯಕ್ಕೆ ಬಳಸುವ ಸೈಕ್ಲೋಸೆರಿನ್ ತಾನೇ ಖಿನ್ನತೆ, ಭ್ರಮೆ ತರಬಹುದು. ಇವೆಲ್ಲ ವೈದ್ಯರು ನಿರ್ಧರಿಸಬೇಕಾದ ವಿಷಯ. ರೋಗಿಯ ಕೈಯಲ್ಲಿರುವ ಎರಡು ಚೀಟಿಗಳು ಒಂದೇ ಮೇಜಿನ ಮೇಲೆ ಬರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ‘ಟಿಬಿ ಮಾತ್ರೆ ಜೊತೆ ಮನಸ್ಸಿನ ಮಾತ್ರೆಯೂ ತಗೊಂಡ್ರೆ ಹುಚ್ಚ ಅಂತಾರೆ’ ಎಂದು ಅವರು ಹಿಂಜರಿದಾಗ ಒಂದು ನಿಜಸಂಗತಿ ಹೇಳಿದೆ. 1950ರ ದಶಕದ ಆರಂಭದಲ್ಲಿ ಅಮೆರಿಕದ ಒಂದು ಕ್ಷಯ ಆಸ್ಪತ್ರೆಯಲ್ಲಿ ಇಪ್ರೊನಿಯಾಜಿಡ್ ಎಂಬ ಔಷಧಿ ಕೊಟ್ಟಾಗ ರೋಗಿಗಳಲ್ಲಿ ಹುರುಪು ಬಂದದ್ದನ್ನು ವೈದ್ಯರು ಗಮನಿಸಿದರು. ಮುಂದೆ ಅದೇ ಖಿನ್ನತೆಗೆ ಬಳಕೆಯಾದ ಮೊದಲ ಔಷಧಿಗಳಲ್ಲಿ ಒಂದಾಯಿತು. ಯಕೃತ್ತಿಗೆ ಹಾನಿ ಮಾಡುತ್ತದೆಂದು ಆಮೇಲೆ ಕೈಬಿಟ್ಟರು. “ಹಂಗಾದ್ರೆ ಎರಡೂ ನೆಂಟರೇ” ಎಂದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

ಮಾತಿನ ಚಿಕಿತ್ಸೆಯನ್ನು ಕೇಂದ್ರದ ಕಾರ್ಯಕರ್ತೆಗೇ ಕಲಿಸಿ ವಹಿಸಿದೆ. ಮನಶ್ಶಾಸ್ತ್ರ ಓದದವರಿಗೆ ಇಂಥ ಜವಾಬ್ದಾರಿ ಕೊಡಬಾರದು ಎನ್ನುವವರು ಜಿಂಬಾಬ್ವೆಯನ್ನು ನೋಡಬೇಕು. ಅಲ್ಲಿ ತರಬೇತಿ ಪಡೆದ ಹಿರಿಯ ಹೆಂಗಸರು ಚಿಕಿತ್ಸಾಲಯದ ಅಂಗಳದ ಬೆಂಚಿನ ಮೇಲೆ ಕೂತು ರೋಗಿಗಳ ಜೊತೆ ಒಂದೊಂದೇ ಸಮಸ್ಯೆಯನ್ನು ಬಿಡಿಸುತ್ತಾರೆ. 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆರು ತಿಂಗಳ ನಂತರ ಅವರು ನೋಡಿಕೊಂಡವರ ಲಕ್ಷಣಗಳು ಉಳಿದವರಿಗಿಂತ ಸ್ಪಷ್ಟವಾಗಿ ಕಡಿಮೆಯಾಗಿದ್ದವು. ನಮ್ಮ ಕಾರ್ಯಕರ್ತೆ ಇವರ ಜೊತೆ ಮೊದಲು ಹಿಡಿದಿದ್ದು ಸಣ್ಣ ಕೆಲಸವನ್ನು: ದಿನಕ್ಕೊಮ್ಮೆ, ಮನಸ್ಸಿರಲಿ ಇಲ್ಲದಿರಲಿ, ಮಗಳ ಕೈಹಿಡಿದು ಬೀದಿಯ ತುದಿಯವರೆಗೆ ನಡೆದು ಬರುವುದು. ಮನಸ್ಸು ಸರಿಯಾಗಲಿ, ಆಮೇಲೆ ನಡೆಯೋಣ ಎಂದು ಕಾದರೆ ಆ ದಿನ ಬರುವುದು ತಡ. ನಡಿಗೆ ಮೊದಲು ಶುರುವಾದರೆ ಮನಸ್ಸು ಹಿಂದಿನಿಂದ ಬರುತ್ತದೆ. ಅವರಿಗೆ ಸಾಲವೂ ಇತ್ತು, ಆ ವಿಷಯವನ್ನು ಆಮೇಲೆ ಎತ್ತಿಕೊಂಡರು. ಅದು ಪೂರ್ತಿ ಬಗೆಹರಿದಿಲ್ಲ.

ಕಾರ್ಡಿನ ಮೇಲಿದ್ದ ‘ಅಸಡ್ಡೆ’ಯನ್ನು ಹೊಡೆದುಹಾಕಿ ‘ಖಿನ್ನತೆ, ಚಿಕಿತ್ಸೆಯಲ್ಲಿದ್ದಾರೆ’ ಎಂದು ಬರೆಯಿರಿ ಎಂದು ವೈದ್ಯರನ್ನು ಕೇಳಿಕೊಂಡೆ. ಅವರು ಬರೆದರು. ಮುಂದೆ ಆ ಕಾರ್ಡ್ ಯಾರ ಕೈಗೆ ಹೋದರೂ ಅವರು ಗದರಿಸುವ ಮೊದಲು ಒಂದು ಕ್ಷಣ ನಿಲ್ಲುತ್ತಾರೆ.

ಕ್ಷಯದ ಚಿಕಿತ್ಸೆಯನ್ನು ಅವರು ಪೂರ್ತಿ ಮುಗಿಸಿದರು. ಖಿನ್ನತೆಯ ಮಾತ್ರೆ ಇನ್ನೂ ನಡೆಯುತ್ತಿದೆ. ಲಕ್ಷಣಗಳು ಹೋದ ಮೇಲೂ ಹಲವು ತಿಂಗಳು ಅದನ್ನು ಮುಂದುವರಿಸಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ‘ಈಗ ಚೆನ್ನಾಗಿದೀನಲ್ಲ, ನಿಲ್ಲಿಸಲಾ?’ ಎಂದು ಹೋದ ಸಲ ಬಂದಾಗ ಕೇಳಿದರು. ಈಗಲೇ ಬೇಡ ಎಂದು ಮನೋವೈದ್ಯರೂ ನಾನೂ ಹೇಳಿದ್ದೇವೆ.