ವಂಶ ಯಾರಲ್ಲಿ ನಿಲ್ಲುತ್ತದೆ?

ಗಂಡುಮಗುವಿನ ಹಂಬಲ ಕುರಿತ ಕಳೆದ ಸಂಚಿಕೆಯ ಸಂಪಾದಕೀಯಕ್ಕೆ ತುಮಕೂರು ಜಿಲ್ಲೆಯ ಓದುಗರೊಬ್ಬರು ಪ್ರತಿಕ್ರಿಯಿಸಿದ್ದಾರೆ. ಹೆಸರು ಬೇಡವೆಂದಿದ್ದಾರೆ. ಅವರ ಪತ್ರದ ಮುಖ್ಯ ಭಾಗ ಇದು: "ನನಗೆ ಇಬ್ಬರು ಹೆಣ್ಣುಮಕ್ಕಳು. ಇಬ್ಬರೂ ಓದಿ ಕೆಲಸದಲ್ಲಿದ್ದಾರೆ, ಅವರ ಮೇಲೆ ನನ್ನ ಪ್ರೀತಿಗೆ ಕೊರತೆಯಿಲ್ಲ. ಆದರೂ ವಂಶ ನನ್ನಲ್ಲಿಗೇ ನಿಂತಿತಲ್ಲ ಎಂಬ ನೋವು ಹೋಗಿಲ್ಲ. ಇದು ಸಂಪ್ರದಾಯ ಕಲಿಸಿದ ನೋವು ಎಂದು ನೀವು ಬರೆದಿರಿ. ಹಸಿವನ್ನು ಯಾರು ಕಲಿಸಿದರು? ಇದೂ ಹಾಗೆಯೇ ಹುಟ್ಟಿನಿಂದ ಬಂದದ್ದು. ಎಲ್ಲರೂ ಸಂಪ್ರದಾಯದ ಕಣ್ಣಿನಿಂದಲೇ ನೋಡುವುದಾದರೆ ನಿಮ್ಮ ಕಣ್ಣೂ ಅದೇ ತಾನೆ? ಹಿರಿಯರಿಂದ ಬಂದ ಜಮೀನನ್ನು ತಮ್ಮನ ಮಗನ ಹೆಸರಿಗೆ ಬರೆಯಬೇಕೆಂದಿದ್ದೇನೆ. ತಪ್ಪೇ?"

ಮಾನ್ಯರೇ,

ನಿಮ್ಮ ನೋವು ನಿಜವಾದದ್ದು. ಸಂಪ್ರದಾಯ ಕಲಿಸಿತು ಎಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ತಾಯ್ನುಡಿಯನ್ನೂ ನಾವು ಕಲಿತೇ ಪಡೆಯುತ್ತೇವೆ, ಆದರೆ ಅಳುವುದು ಅದರಲ್ಲೇ. ನನ್ನ ತಕರಾರು ನೀವು ಕೊಟ್ಟ ಹಸಿವಿನ ಉದಾಹರಣೆಯ ಬಗ್ಗೆ. ಹಸಿವು ಯಾವ ಊರಿಗೆ ಹೋದರೂ ಹಸಿವೇ. ನಿಮ್ಮ ನೋವು ಶಿರಾಡಿ ಘಟ್ಟ ಇಳಿಯುವಷ್ಟರಲ್ಲಿ ತಲೆಕೆಳಗಾಗುತ್ತದೆ.

ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರು ಮತ್ತಿತರ ಹಲವು ಸಮುದಾಯಗಳಲ್ಲಿ ತಲೆಮಾರುಗಳಿಂದ ನಡೆದುಬಂದದ್ದು ಅಳಿಯಸಂತಾನ ಪದ್ಧತಿ. ಅಲ್ಲಿ ಮಗು ತಾಯಿಯ ಕುಟುಂಬಕ್ಕೆ ಸೇರುತ್ತದೆ, ತಾಯಿಯ ಬಳಿಯನ್ನು, ಎಂದರೆ ಕುಲದ ಹೆಸರನ್ನು, ಪಡೆಯುತ್ತದೆ. ಗಂಡಸಿನ ವಾರಸುದಾರರು ಅವನ ಮಕ್ಕಳಲ್ಲ, ಅಕ್ಕತಂಗಿಯರ ಮಕ್ಕಳು. ನೀವು ಅಂಥ ಗುತ್ತಿನ ಮನೆಯೊಂದರಲ್ಲಿ, ಎಂದರೆ ಅಲ್ಲಿನ ಜಮೀನ್ದಾರಿ ಮನೆತನದಲ್ಲಿ, ಹುಟ್ಟಿದ್ದರೆ ನಿಮ್ಮ ಇಬ್ಬರು ಹೆಣ್ಣುಮಕ್ಕಳು ನಿಮ್ಮ ಹೆಂಡತಿಯ ತವರಿಗೆ ಸೇರಿದವರು, ಆ ಮನೆಯ ಕುಟುಂಬವನ್ನು ಬೆಳೆಸುವವರು. ನಿಮ್ಮ ಮನೆಯ ಮಟ್ಟಿಗೆ ನಿಮ್ಮನ್ನು ಕಾಡುತ್ತಿದ್ದ ಪ್ರಶ್ನೆ, ಅಕ್ಕತಂಗಿಯರಿಗೆ ಹೆಣ್ಣು ಹುಟ್ಟಿತೋ ಇಲ್ಲವೋ ಎಂಬುದು. ಮನೆತುಂಬ ಗಂಡುಮಕ್ಕಳೇ ಇದ್ದರೆ ಹಿರಿಯರು ಮನೆ ಮುಗಿಯಿತಲ್ಲ ಎಂದು ಕೊರಗುತ್ತಿದ್ದರು.

ಇದು ಬರಿಯ ಭಾವನೆಯಾಗಿ ಉಳಿಯಲಿಲ್ಲ, ಕಾನೂನಿನ ಪುಟಕ್ಕೂ ಏರಿತು. ದಕ್ಷಿಣ ಕನ್ನಡ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1949ರಲ್ಲಿ, ಅಳಿಯಸಂತಾನ ಕಾಯ್ದೆ ಬಂತು. ಅಲ್ಲಿಯವರೆಗೆ ಒಟ್ಟು ಕುಟುಂಬದ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕನ್ನು ನ್ಯಾಯಾಲಯಗಳು ಒಪ್ಪಿರಲಿಲ್ಲ. ಈ ಕಾಯ್ದೆ ಕುಟುಂಬದ ಕವಲುಗಳಿಗೆ, ಅಲ್ಲಿನ ಮಾತಿನಲ್ಲಿ ಕವರುಗಳಿಗೆ, ಆ ಹಕ್ಕು ಕೊಟ್ಟಿತು. ಪಾಲು ಮಾಡುವಾಗ ಕವರುಗಳನ್ನು ಎರಡಾಗಿ ವಿಂಗಡಿಸಿತು. ಐವತ್ತು ವರ್ಷ ತುಂಬದ ಹೆಣ್ಣು ಒಬ್ಬಳಾದರೂ ಇದ್ದರೆ ಅದು ಸಂತತಿ ಕವರು, ಇಲ್ಲದಿದ್ದರೆ ನಿಸ್ಸಂತತಿ ಕವರು. ಸಂತತಿ ಕವರಿನ ಜೊತೆ ಪಾಲಾದಾಗ ನಿಸ್ಸಂತತಿ ಕವರಿಗೆ ಸಿಗುತ್ತಿದ್ದದ್ದು ಜೀವಿತಾವಧಿಯ ಅನುಭೋಗದ ಹಕ್ಕಷ್ಟೇ. ಇದರ ಅರ್ಥವನ್ನು ದಯವಿಟ್ಟು ನಿಧಾನವಾಗಿ ಯೋಚಿಸಿ. ನಾಲ್ವರು ಗಟ್ಟಿಮುಟ್ಟಾದ ಅಣ್ಣತಮ್ಮಂದಿರು, ಅವರಿಗೆಲ್ಲ ಹೆಂಡಿರು ಮಕ್ಕಳು. ಆದರೂ ಆ ಕವರಿನಲ್ಲಿ ಹೆಣ್ಣು ಇಲ್ಲವಾದರೆ ಕಾನೂನಿನ ಕಣ್ಣಿಗೆ ಅವರು ಸಂತತಿಯಿಲ್ಲದವರು. ನೀವು ಹುಟ್ಟಿನಿಂದ ಬಂದದ್ದು ಎಂದು ನಂಬಿರುವ ನೋವನ್ನು, ಇದೇ ರಾಜ್ಯದ ಇನ್ನೊಂದು ಮೂಲೆಯ ಮನುಷ್ಯ ಅಷ್ಟೇ ಗಾಢವಾಗಿ, ತದ್ವಿರುದ್ಧ ಕಾರಣಕ್ಕೆ ಅನುಭವಿಸಿದ್ದಾನೆ.

ಮದುವೆಯ ವಿಷಯದಲ್ಲೂ ಹೀಗೆಯೇ. ನಿಮ್ಮ ಸೀಮೆಯಲ್ಲಿ ಅಕ್ಕನ ಮಗಳನ್ನು ತಂದುಕೊಳ್ಳುವುದು ಬಹುಕಾಲ ಸಹಜವೆನಿಸಿತ್ತು, ಅದರಿಂದ ಸಂಬಂಧ ಗಟ್ಟಿಯಾಗುತ್ತದೆ ಎನ್ನುತ್ತಿದ್ದರು. ತುಳುನಾಡಿನ ಬಳಿ ಪದ್ಧತಿಯಲ್ಲಿ ಸೋದರಮಾವ ಮತ್ತು ಅಕ್ಕನ ಮಗಳು ಒಂದೇ ಬಳಿಯವರು. ಆ ಮದುವೆಯ ಮಾತೆತ್ತಿದರೆ ಅಲ್ಲಿಯವರಿಗೆ ಅಣ್ಣತಂಗಿಯ ಮದುವೆಯ ಮಾತು ಕೇಳಿದಷ್ಟು ಅಸಹ್ಯವಾಗುತ್ತದೆ. ಎರಡೂ ಕಡೆ ಯಾರೂ ತರ್ಕಮಾಡಿ ಈ ತೀರ್ಮಾನಕ್ಕೆ ಬಂದವರಲ್ಲ. ನೋಡಿದ ಕೂಡಲೇ ಹಾಗೆ ಅನ್ನಿಸುತ್ತದೆ, ಅಷ್ಟೇ. ಸಂಸ್ಕೃತಿ ಕೆಲಸ ಮಾಡುವುದು ಇಲ್ಲಿಯೇ, ನಮ್ಮ ಆಲೋಚನೆ ಶುರುವಾಗುವುದಕ್ಕೂ ಮೊದಲು.

ಪದ್ಧತಿ ಹೇಗೆ ಬಂತೆಂದು ಕೇಳಿದರೆ ಭೂತಾಳ ಪಾಂಡ್ಯನ ಕಥೆ ಹೇಳುತ್ತಾರೆ. ಭೂತಕ್ಕೆ ಮಗನನ್ನು ಬಲಿ ಕೊಡಲು ಅರಸನ ಹೆಂಡತಿ ಒಪ್ಪಲಿಲ್ಲ, ತಂಗಿ ತನ್ನ ಮಗನನ್ನು ಕೊಡಲು ಮುಂದೆ ಬಂದಳು, ಹಾಗಾಗಿ ಆಸ್ತಿ ಅಳಿಯನಿಗೆ, ಎಂದರೆ ತಂಗಿಯ ಮಗನಿಗೆ, ಹೋಯಿತು ಎಂಬ ಐತಿಹ್ಯ ಅದು. ಚರಿತ್ರೆ ಎಂದು ಅದನ್ನು ಒಪ್ಪುವುದು ಕಷ್ಟ.

ಇದನ್ನು ಓದಿ ತುಳುನಾಡು ಹೆಂಗಸರ ಸ್ವರ್ಗವಾಗಿತ್ತೆಂದು ಯಾರೂ ತಿಳಿಯಬಾರದು. ಯಜಮಾನ್ತಿಯರು ಇದ್ದರು, ನಿಜ. ಆದರೆ ಬಹಳಷ್ಟು ಮನೆಗಳಲ್ಲಿ ಅಧಿಕಾರ ಚಲಾಯಿಸುತ್ತಿದ್ದವನು ಸೋದರಮಾವನೇ. 2011ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,094 ಹೆಂಗಸರಿದ್ದರು, ಇಡೀ ರಾಜ್ಯದಲ್ಲಿ 973. ಈ ಅಂಕಿಯನ್ನೂ ನನ್ನ ವಾದಕ್ಕೆ ಸಾಕ್ಷಿಯಾಗಿ ಬಳಸಲಾರೆ, ಏಕೆಂದರೆ ಮುಂಬೈಗೂ ಗಲ್ಫ್ ದೇಶಗಳಿಗೂ ದುಡಿಯಲು ಹೋದ ಗಂಡಸರ ಪಾತ್ರ ಅದರಲ್ಲಿ ದೊಡ್ಡದು.

ತಮ್ಮ ಸೀಮೆಯ ರೀತಿಯನ್ನೇ ಎಲ್ಲರ ಸಹಜಗುಣವೆಂದು ತಿಳಿಯುವ ತಪ್ಪಿನಿಂದ ವಿದ್ವಾಂಸರೂ ಹೊರತಲ್ಲ. ಗಂಡುಮಗುವಿಗೆ ತಂದೆಯ ಮೇಲೆ ಒಳಗೊಳಗೇ ಹಗೆ ಇರುವುದು ಮನುಷ್ಯಕುಲಕ್ಕೆಲ್ಲ ಸಮಾನ ಎಂದು ವಿಯೆನ್ನಾದಲ್ಲಿ ಕುಳಿತು ಮನೋವಿಶ್ಲೇಷಕ ಸಿಗ್ಮಂಡ್ ಫ್ರಾಯ್ಡ್ ಹೇಳಿದರು. 1915ರಿಂದ 1918ರ ನಡುವೆ ಪಪುವಾ ನ್ಯೂಗಿನಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಬಾಳಿ ಬಂದ ಮಾನವಶಾಸ್ತ್ರಜ್ಞ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ ಅದನ್ನು ಒಪ್ಪಲಿಲ್ಲ. ಅಲ್ಲಿಯೂ ತಾಯಿಯ ಕಡೆಯಿಂದಲೇ ವಂಶ. ಗಂಡಸು ತಾನು ಬೆಳೆದ ಒಳ್ಳೆಯ ಗೆಣಸನ್ನು ಅಕ್ಕತಂಗಿಯರ ಮನೆಗೆ ಕಳಿಸುತ್ತಾನೆ. ತಂದೆ ಮಕ್ಕಳನ್ನು ಆಡಿಸುವ ಗೆಳೆಯ, ಗದರಿಸುವವನು ಸೋದರಮಾವ. ಹುಡುಗರ ಒಳಗಿನ ಸಿಟ್ಟೂ ಮಾವನ ಮೇಲೆಯೇ ಎಂದು ಮಲಿನೋವ್‌ಸ್ಕಿ ವಾದಿಸಿದರು. ಆ ವಾದವನ್ನೂ ಆಮೇಲೆ ಪ್ರಶ್ನಿಸಿದವರಿದ್ದಾರೆ. ತನ್ನ ಊರಿನ ಮನೆಯನ್ನೇ ಎಲ್ಲರ ಮನೆಯೆಂದು ತಿಳಿಯಬಾರದೆಂಬ ಮಲಿನೋವ್‌ಸ್ಕಿಯವರ ಎಚ್ಚರಿಕೆ ಮಾತ್ರ ನನಗೆ ಇಂದಿಗೂ ಅಮೂಲ್ಯ.

ಈಗ ನಿಮ್ಮ ಸವಾಲು. ಹೌದು, ನನ್ನ ಕಣ್ಣೂ ಸಂಪ್ರದಾಯ ಕೊಟ್ಟದ್ದೇ. ಆದರೆ ಕೊಟ್ಟ ಕಣ್ಣಿನಿಂದಲೇ ಜನ ಬೇರೆ ಏನನ್ನೋ ಕಂಡಿದ್ದಾರೆ. ಅಳಿಯಸಂತಾನದ ಕಾಲದಲ್ಲೂ ತಂದೆಯರು ಬದುಕಿದ್ದಾಗಲೇ ಸ್ವಂತ ಮಕ್ಕಳಿಗೆ ಕೊಡುಗೆ ಕೊಡುತ್ತಿದ್ದರು, ಅದಕ್ಕಾಗಿ ಅಳಿಯಂದಿರೊಡನೆ ಜಗಳವಾಗುತ್ತಿತ್ತು. ಪದ್ಧತಿ ಯಾರನ್ನು ವಾರಸುದಾರನೆಂದರೂ ತೊಡೆಯ ಮೇಲೆ ಆಡಿದ ಮಗುವಿನ ಮೇಲಿನ ಮಮತೆಯನ್ನು ಅದು ತಡೆಯಲಾಗಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಅಂಥ ತಂದೆಯ ಆಸ್ತಿಯಲ್ಲಿ ಹೆಂಡತಿ ಮಕ್ಕಳಿಗೆ ವಾರಸಿನ ಹಕ್ಕು ಕೊಟ್ಟಿತು. ಇತ್ತ ತಂದೆಯಿಂದ ಮಕ್ಕಳಿಗೆ ಆಸ್ತಿ ಹೋಗುವ ನಿಮ್ಮ ಸೀಮೆಯ ಮಕ್ಕಳಕಟ್ಟಿನಲ್ಲೂ ಬದಲಾವಣೆ ಬಂತು. ಮದುವೆಯಾಗದ ಹೆಣ್ಣುಮಕ್ಕಳನ್ನು ಕರ್ನಾಟಕದ ತಿದ್ದುಪಡಿ 1994ರಲ್ಲೇ ಪಾಲುದಾರರನ್ನಾಗಿ ಮಾಡಿತು. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರು, ಆಗದವರು ಎಂಬ ಭೇದವನ್ನೂ ತೆಗೆಯಿತು.

ಆದ್ದರಿಂದ ಜಮೀನಿನ ಬಗ್ಗೆ ನೇರವಾಗಿ ಹೇಳುತ್ತೇನೆ. ನಿಮ್ಮ ಸ್ವಂತ ಸಂಪಾದನೆಯನ್ನು ಯಾರಿಗೆ ಬರೆಯುವುದಕ್ಕೂ ನೀವು ಸ್ವತಂತ್ರರು. ಹಿರಿಯರಿಂದ ಬಂದದ್ದು ಪಿತ್ರಾರ್ಜಿತವೇ ಆಗಿದ್ದರೆ ಅದರಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ, ಅವರ ಪಾಲನ್ನು ನೀವು ಇನ್ನೊಬ್ಬರಿಗೆ ಬರೆಯಲು ಬರುವುದಿಲ್ಲ. ಹಳೆಯ ವಿಭಾಗಪತ್ರ, ಪಹಣಿಗಳನ್ನು ವಕೀಲರಿಗೆ ತೋರಿಸಿ ಖಚಿತಪಡಿಸಿಕೊಳ್ಳಿ. ಕಾನೂನು ಬಿಟ್ಟು ನನ್ನ ಅಭಿಪ್ರಾಯ ಕೇಳಿದರೂ ತಪ್ಪು ಎಂದೇ ಹೇಳುತ್ತೇನೆ. ನಿಮ್ಮ ಪೂರ್ತಿ ಪತ್ರದಲ್ಲಿ ತಾತ, ತಂದೆ, ತಮ್ಮ, ತಮ್ಮನ ಮಗ ಎಲ್ಲರಿಗೂ ಆ ಜಮೀನು ಏನೆಂದು ಬರೆದಿದ್ದೀರಿ, ಹೆಣ್ಣುಮಕ್ಕಳಿಗೆ ಅದು ಏನೆಂಬುದು ಒಂದು ಸಾಲಿನಲ್ಲೂ ಇಲ್ಲ. ನೋಂದಣಿ ಕಚೇರಿಗೆ ಹೋಗುವ ಮೊದಲು ಅವರಿಬ್ಬರನ್ನೂ ಕೂರಿಸಿಕೊಂಡು ಕೇಳಿ.