ತೊಟ್ಟಿಲಿನಿಂದ ತುತ್ತಿನವರೆಗೆ: ಏನು ಕೊಳ್ಳಬೇಕು, ಯಾರ ಮಾತು ಕೇಳಬೇಕು?

ಎರಡು ವರ್ಷದೊಳಗಿನ ಮಕ್ಕಳ ಸಾಮಾನು, ಮನೆಮದ್ದು, ಆಹಾರ ಹಾಗೂ ಮೊಬೈಲಿನ ಬಗ್ಗೆ ಓದುಗರು ಬರೆದ ಪತ್ರಗಳಲ್ಲಿ ನಾಲ್ಕನ್ನು ಆಯ್ದುಕೊಂಡು ಮಕ್ಕಳ ತಜ್ಞರು ಇಲ್ಲಿ ಉತ್ತರಿಸಿದ್ದಾರೆ.

ಪ್ರಶ್ನೆ: ನನಗೀಗ ಏಳು ತಿಂಗಳು, ಮೊದಲ ಹೆರಿಗೆ. ‘ನಾನು ಮೆಚ್ಚಿದ ಬೇಬಿ ಸಾಮಾನು’ ಎಂದು ತಾಯಂದಿರು ಇನ್‌ಸ್ಟಾಗ್ರಾಮಿನಲ್ಲಿ ಹಾಕುವ ಪಟ್ಟಿಗಳನ್ನು ನೋಡಿ ಗೊಂದಲವಾಗಿದೆ. ಹಾಲಿನ ಬಾಟಲಿ, ಸ್ಟೆರಿಲೈಸರ್, ವಾಕರ್, ತಲೆ ದುಂಡಗಾಗಲು ದಿಂಬು ಎಲ್ಲ ಸೇರಿದರೆ ಒಂದು ತಿಂಗಳ ಸಂಬಳವೂ ಸಾಲದು. ನಿಜವಾಗಿ ಏನೇನು ಬೇಕು? (ಹುಬ್ಬಳ್ಳಿ)

ಉತ್ತರ: ಇನ್ನೊಬ್ಬ ತಾಯಿ ಮೆಚ್ಚಿದ ವಸ್ತು ಅವರ ಮನೆಗೆ, ಅವರ ಮಗುವಿಗೆ ಒದಗಿಬಂದದ್ದು. ಅದು ನಿಮಗೂ ಒದಗಬೇಕೆಂದಿಲ್ಲ. ಅಂಥ ಪಟ್ಟಿಗಳಲ್ಲಿ ಸ್ನೇಹದ ಸಲಹೆ ಎಲ್ಲಿ ಮುಗಿಯಿತು, ಜಾಹೀರಾತು ಎಲ್ಲಿ ಶುರುವಾಯಿತು ಎಂಬುದು ನೋಡುವವರಿಗೆ ತಿಳಿಯುವುದಿಲ್ಲ. ನಮ್ಮ ದೇಶದಲ್ಲಿ 1992ರಲ್ಲಿ ಬಂದು 2003ರಲ್ಲಿ ಬಿಗಿಯಾದ ಕಾನೂನೊಂದು ಹಾಲಿನ ಪುಡಿ, ಹಾಲೂಡಿಸುವ ಬಾಟಲಿ ಮತ್ತು ಎರಡು ವರ್ಷದೊಳಗಿನ ಮಕ್ಕಳ ಸಿದ್ಧ ಆಹಾರದ ಜಾಹೀರಾತನ್ನು ಸಂಪೂರ್ಣವಾಗಿ ನಿಷೇಧಿಸಿದೆ, ಮತ್ತು ಆ ನಿಷೇಧ ಕಂಪನಿಗಳಿಗೆ ಮಾತ್ರವಲ್ಲ, ಯಾವ ವ್ಯಕ್ತಿಗೂ ಅನ್ವಯಿಸುತ್ತದೆ. ಆದ್ದರಿಂದ ನೀವು ನೋಡಿದ ಪಟ್ಟಿಯಲ್ಲಿ ಬಾಟಲಿಯೇ ಮೊದಲ ಸ್ಥಾನದಲ್ಲಿದ್ದರೆ ಅದನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಸಾಕು, ನೀರು ಕೂಡ ಬೇಡ. ವೈದ್ಯಕೀಯ ಕಾರಣಕ್ಕೆ ಹೊರಗಿನ ಹಾಲು ಕೊಡಲೇಬೇಕಾಗಿ ಬಂದರೆ ನಮ್ಮ ಹಳೆಯ ಒಳಲೆಯೇ ಸಾಕು. ಬಾಟಲಿಯ ಮೊಲೆತೊಟ್ಟಿನ ಸಂದಿಯಲ್ಲಿ ಉಳಿಯುವ ಹಾಲು ಒಳಲೆಯಲ್ಲಿ ಉಳಿಯುವುದಿಲ್ಲ, ಕುದಿಯುವ ನೀರಿನಲ್ಲಿ ಅದು ಸುಲಭವಾಗಿ ಶುದ್ಧವಾಗುತ್ತದೆ, ಸ್ಟೆರಿಲೈಸರಿನ ಖರ್ಚೂ ಉಳಿಯುತ್ತದೆ.

ವಾಕರ್ ಕೊಳ್ಳಲೇಬೇಡಿ. ಕಾಲೂರಿದ ಮಗು ಅದರಲ್ಲಿ ಕ್ಷಣಮಾತ್ರದಲ್ಲಿ ಮೆಟ್ಟಿಲ ಅಂಚಿಗೋ ಒಲೆಯ ಬಳಿಗೋ ತಲುಪುತ್ತದೆ, ಅದರ ಹಿಂದೆ ಓಡಿ ಹಿಡಿಯುವಷ್ಟು ಸಮಯ ದೊಡ್ಡವರಿಗೆ ಸಿಗುವುದಿಲ್ಲ. ಕೆನಡಾ 2004ರಲ್ಲೇ ಅದರ ಮಾರಾಟವನ್ನು ನಿಷೇಧಿಸಿದೆ. ‘ಬೇಗ ನಡೆಯುತ್ತದೆ’ ಎಂಬ ಮಾತಿಗೂ ಆಧಾರವಿಲ್ಲ. ಮಗು ತಾನಾಗಿ ಎದ್ದು ನಿಲ್ಲತೊಡಗಿದ ಮೇಲೆ ಮರದ ತಳ್ಳುಗಾಡಿ ಕೊಡಿಸಬಹುದು. ದಿಂಬೂ ಬೇಡ. ಸಾಸಿವೆ ತುಂಬಿದ್ದಾಗಲಿ, ನಡುವೆ ಗುಳಿಯಿರುವುದಾಗಲಿ, ಒಂದು ವರ್ಷದೊಳಗಿನ ಮಗು ಯಾವ ದಿಂಬೂ ಇಲ್ಲದೆ, ಗಟ್ಟಿಯಾದ ಸಮತಟ್ಟಾದ ಹಾಸಿನ ಮೇಲೆ ಅಂಗಾತ ಮಲಗಬೇಕು. ತಲೆಯ ಒಂದು ಬದಿ ಚಪ್ಪಟೆಯಾದರೆ, ಎಚ್ಚರವಿರುವಾಗ ನಿಮ್ಮ ಕಣ್ಣೆದುರಿಗೆ ಬೋರಲು ಮಲಗಿಸುವುದರಿಂದ ಬಹಳ ಮಟ್ಟಿಗೆ ಸರಿಹೋಗುತ್ತದೆ. ಸೀರೆಯ ಜೋಲಿಯಲ್ಲಿ ಎಳೆಗೂಸಿನ ಕತ್ತು ಮುಂದಕ್ಕೆ ಬಾಗಿ ಉಸಿರಿಗೆ ಅಡ್ಡಿಯಾಗಬಹುದು. ಆದ್ದರಿಂದ ರಾತ್ರಿಯ ನಿದ್ದೆಗೆ ಅದು ಸಲ್ಲದು.

ನಮ್ಮಲ್ಲಿ ಬಹುತೇಕರು ‘ದುಬಾರಿ, ಬೇಡ’ ಎಂದು ಬಿಟ್ಟುಬಿಡುವ ವಸ್ತುವೊಂದಿದೆ, ಮತ್ತು ನನ್ನ ದೃಷ್ಟಿಯಲ್ಲಿ ಪೂರ್ತಿ ಹಣ ಕೊಟ್ಟು ಕೊಳ್ಳಬೇಕಾದದ್ದು ಅದೊಂದೇ: ಕಾರಿರುವವರಿಗೆ ಮಗುವಿನ ಆಸನ. 2019ರ ಮೋಟಾರು ವಾಹನ ತಿದ್ದುಪಡಿಯ ಪ್ರಕಾರ 14 ವರ್ಷದೊಳಗಿನ ಮಗುವನ್ನು ಬೆಲ್ಟ್ ಅಥವಾ ಸೂಕ್ತ ಆಸನವಿಲ್ಲದೆ ಕರೆದೊಯ್ದರೆ 1000 ರೂಪಾಯಿ ದಂಡ. ಆದರೆ ದಂಡಕ್ಕಿಂತ ದೊಡ್ಡ ವಿಷಯವೆಂದರೆ, ಕಾರು ಅಪ್ಪಳಿಸಿದಾಗ ತಾಯಿಯ ತೋಳು ಎಷ್ಟು ಬಿಗಿಯಾಗಿದ್ದರೂ ಮಗುವನ್ನು ಹಿಡಿದಿಡಲಾರದು. ಉಳಿದಂತೆ ಹತ್ತಿ ಬಟ್ಟೆ, ಒಂದಿಷ್ಟು ಲಂಗೋಟಿ, ಹೊರಗೆ ಹೋಗುವಾಗ ಡೈಪರ್, ಒಂದು ಥರ್ಮಾಮೀಟರ್ ಸಾಕು. ಪೌಡರ್ ಬೇಡ, ಅದರ ಧೂಳು ಮಗುವಿನ ಶ್ವಾಸಕೋಶ ಸೇರುತ್ತದೆ. ವೈದ್ಯರು ಬರೆದುಕೊಡುವ ವಿಟಮಿನ್ ಡಿ ಹನಿಯನ್ನು ಮಾತ್ರ ಮರೆಯಬೇಡಿ, ಮೊದಲ ವರ್ಷ ದಿನಕ್ಕೆ 400 ಐಯು.

ಆಟಿಕೆಗಳ ಮಾತು. 2021ರ ಜನವರಿಯಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳು ತಯಾರಿಸುವ ಆಟಿಕೆಗೆ ಇದರಿಂದ ವಿನಾಯಿತಿ ಇರುವುದರಿಂದ ಚನ್ನಪಟ್ಟಣದ ಗಿಲಕಿಯ ಮೇಲೆ ಆ ಗುರುತು ಕಾಣದಿದ್ದರೆ ಗಾಬರಿಯಾಗಬೇಕಿಲ್ಲ. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದ ಅಸಲಿ ಗಿಲಕಿ ಬಾಯಿಗಿಡುವ ವಯಸ್ಸಿನ ಮಗುವಿಗೆ ಒಳ್ಳೆಯ ಒಡನಾಡಿ. ಗುಂಡಿಯಾಕಾರದ ಬ್ಯಾಟರಿ ಇರುವ, ಅದರ ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಆಟಿಕೆ ಮನೆಯೊಳಗೇ ಬರಕೂಡದು. ಅಂಥ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗಬಲ್ಲದು.

ಪ್ರಶ್ನೆ: ನನ್ನ ಮಗುವಿಗೆ ಎರಡು ತಿಂಗಳು. ಅತ್ತೆಯವರು ಜೇನುತುಪ್ಪದಲ್ಲಿ ಬಜೆ ತೇಯ್ದು ನೆಕ್ಕಿಸುತ್ತಾರೆ, ರಾತ್ರಿ ಅತ್ತರೆ ಜಾಯಿಕಾಯಿ ಅಥವಾ ಗ್ರೈಪ್ ವಾಟರ್ ಕೊಡುತ್ತಾರೆ, ಕಣ್ಣಿಗೆ ಕಾಡಿಗೆ ಹಚ್ಚುತ್ತಾರೆ. ಎರೆಯಲು ಬರುವ ಅಜ್ಜಿ ಮೂಗಿಗೂ ಎಣ್ಣೆ ಬಿಡುತ್ತಾರೆ. ಬೇಡವೆಂದರೆ ‘ನಿನ್ನ ಗಂಡನನ್ನು ಹೀಗೇ ಸಾಕಿದ್ದು’ ಎನ್ನುತ್ತಾರೆ. ಏನು ಮಾಡಲಿ? (ಶಿವಮೊಗ್ಗ)

ಉತ್ತರ: ಹಿರಿಯರ ಬಾಣಂತನದ ತಿಳಿವಳಿಕೆಯಲ್ಲಿ ಬಹಳಷ್ಟನ್ನು ಉಳಿಸಿಕೊಳ್ಳಬೇಕು. ತಾಯಿಗೆ ವಿಶ್ರಾಂತಿ, ಮಗುವಿಗೆ ಮೃದುವಾಗಿ ಕೊಬ್ಬರಿ ಎಣ್ಣೆ ನೀವುವುದು, ಬೆಚ್ಚಗಿನ ನೀರಿನ ಸ್ನಾನ, ಜೋಗುಳ, ಯಾವಾಗಲೂ ಯಾರಾದರೊಬ್ಬರ ಮಡಿಲು, ಇವುಗಳಿಗೆ ಸಮನಾದದ್ದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದರೆ ಬಾಯಿ, ಮೂಗು, ಕಿವಿ ಮತ್ತು ಕಣ್ಣಿನೊಳಕ್ಕೆ ಹೋಗುವುದೆಲ್ಲ ನಿಲ್ಲಬೇಕು. ನೀವು ಈ ಒಂದು ಗೆರೆಯನ್ನು ಹಿಡಿದರೆ ಪ್ರತಿಯೊಂದು ಪದ್ಧತಿಗೂ ಬೇರೆ ಬೇರೆ ಜಗಳವಾಡಬೇಕಾಗುವುದಿಲ್ಲ.

ಕಾರಣಗಳನ್ನೂ ಹೇಳುತ್ತೇನೆ, ಅತ್ತೆಯವರಿಗೆ ಓದಿ ಹೇಳಿ. ಜೇನುತುಪ್ಪದಲ್ಲಿ ಬಾಟ್ಯುಲಿಸಂ ರೋಗಾಣುವಿನ ಬೀಜಕಣಗಳು ಇರಬಹುದು. ದೊಡ್ಡವರ ಕರುಳು ಅವನ್ನು ತಡೆದುಕೊಳ್ಳುತ್ತದೆ, ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಅವು ಮೊಳೆತು ವಿಷ ಉತ್ಪಾದಿಸಿ ಸ್ನಾಯುಗಳ ಶಕ್ತಿಯನ್ನೇ ಕುಂದಿಸಬಲ್ಲವು. ಒಂದು ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ. ಬಜೆಯಿಂದ ಮಾತು ಬೇಗ ಬರುತ್ತದೆ ಎಂಬುದು ನಂಬಿಕೆ. ಅದರಲ್ಲಿರುವ ಬೀಟಾ ಅಸರೋನ್ ಎಂಬ ಅಂಶದ ಕಾರಣಕ್ಕೆ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ಬಳಸುವುದನ್ನು ನಿಷೇಧಿಸಿತು. ಜಾಯಿಕಾಯಿ ತಿಂದ ಮಗು ಮಲಗುವುದು ನೆಮ್ಮದಿಯಿಂದಲ್ಲ, ಅದರ ಅಮಲಿನಿಂದ. ಎಷ್ಟು ತೇಯ್ದರೆ ಎಷ್ಟು ಇಳಿಯಿತು ಎಂದು ಕಲ್ಲಿನ ಮೇಲೆ ಅಳೆಯಲು ಬರುವುದಿಲ್ಲ. ಗ್ರೈಪ್ ವಾಟರ್ 19ನೇ ಶತಮಾನದ ಇಂಗ್ಲೆಂಡಿನದು, ಮೊದಲಿಗೆ ಅದರಲ್ಲಿ ಮದ್ಯಸಾರವೂ ಇರುತ್ತಿತ್ತು. ಈಗಿನದರಲ್ಲಿ ಅದಿಲ್ಲದಿದ್ದರೂ ಆರು ತಿಂಗಳೊಳಗಿನ ಮಗುವಿಗೆ ಅದರ ಅಗತ್ಯವಿಲ್ಲ. ಸಂಜೆಯ ಅಳು ಸಾಮಾನ್ಯವಾಗಿ ಆರನೇ ವಾರದ ಹೊತ್ತಿಗೆ ಹೆಚ್ಚಾಗಿ, ಮೂರು ನಾಲ್ಕು ತಿಂಗಳಿಗೆ ತಾನಾಗಿ ಇಳಿಯುತ್ತದೆ. ಆಗ ಹೆಗಲ ಮೇಲೆ ಹಾಕಿಕೊಂಡು ತೇಗು ಬರಿಸಿ, ಎತ್ತಿಕೊಂಡು ಅಡ್ಡಾಡಿ. ಜ್ವರ, ಹಸಿರು ವಾಂತಿ, ಹಾಲು ಬಿಡುವುದು ಕಂಡರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಬನ್ನಿ.

ಮೂಗಿಗೆ ಬಿಟ್ಟ ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ತರುತ್ತದೆ. ಸ್ನಾನದ ನಂತರದ ಸಾಂಬ್ರಾಣಿ ಹೊಗೆಯೂ ಆ ಎಳೆಯ ಶ್ವಾಸಕ್ಕೆ ಒಳ್ಳೆಯದಲ್ಲ. ಮಾರುಕಟ್ಟೆಯ ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸವಿರುತ್ತದೆ, ಮನೆಯಲ್ಲಿ ಮಾಡಿದ್ದರಿಂದಲೂ ಬೆರಳಿನ ಸೋಂಕು ಕಣ್ಣಿಗೆ ತಗಲುತ್ತದೆ. ದೃಷ್ಟಿಬೊಟ್ಟು ಇಡಲೇಬೇಕೆಂದಿದ್ದರೆ ಮನೆಯಲ್ಲಿ ಮಾಡಿದ ಕಾಡಿಗೆಯನ್ನು ಕಿವಿಯ ಹಿಂದೆ ಇಡಲಿ, ಅತ್ತೆಯವರ ಮನಸ್ಸಿಗೂ ಸಮಾಧಾನವಾಗುತ್ತದೆ. ಮುಂದಿನ ಲಸಿಕೆಗೆ ಬರುವಾಗ ಅವರನ್ನೂ ಜೊತೆಗೆ ಕರೆತನ್ನಿ. ಸೊಸೆ ಹೇಳಿದರೆ ತಪ್ಪಾಗಿ ಕಾಣುವ ಮಾತು ಡಾಕ್ಟರು ಹೇಳಿದರೆ ಅವರಿಗೆ ಸರಿಯಾಗಿ ಕೇಳಿಸುವುದುಂಟು.

ಪ್ರಶ್ನೆ: ಆರು ತಿಂಗಳು ತುಂಬಿತು. ರಾಗಿ ಸರಿ ಒಳ್ಳೆಯದೋ, ಡಬ್ಬಿಯ ಆಹಾರವೋ? (ತುಮಕೂರು)

ಉತ್ತರ: ರಾಗಿ ಸರಿಯೇ ಒಳ್ಳೆಯದು, ಆದರೆ ಅದೊಂದೇ ಸಾಲದು. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸುವ ನಮ್ಮ ಕ್ರಮದಲ್ಲಿ ಒಳ್ಳೆಯ ವಿಜ್ಞಾನವಿದೆ. ಮೊಳಕೆಯಲ್ಲಿ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದ ಹೆಚ್ಚು ಹಿಟ್ಟು ಹಾಕಿದರೂ ಗಂಜಿ ಅಂಟಾಗುವುದಿಲ್ಲ, ಚಿಕ್ಕ ಹೊಟ್ಟೆಗೆ ಹೆಚ್ಚು ಶಕ್ತಿ ಸೇರುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ. ಆದರೆ ಅದರಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಹತ್ತುವುದಿಲ್ಲ, ಈ ವಯಸ್ಸಿನ ಮಗುವಿಗೆ ಅತಿ ಹೆಚ್ಚು ಬೇಕಾದದ್ದೂ ಅದೇ. ಹಾಗಾಗಿ ದಿನಕ್ಕೊಮ್ಮೆ ಸರಿ, ಇನ್ನೊಮ್ಮೆ ಬೇಳೆ, ಸೊಪ್ಪು, ತುಪ್ಪ ಹಾಕಿ ಮೆದುವಾಗಿ ಕಿವುಚಿದ ಅನ್ನ, ಅದಕ್ಕೆ ಎರಡು ಹನಿ ನಿಂಬೆರಸ. ತಿನ್ನುವ ಮನೆಯಾದರೆ ಬೆಂದ ಮೊಟ್ಟೆ, ಮೀನು, ಲಿವರ್ ಕೂಡ ಆಗಬಹುದು. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ಪನ್ನು ವಾರಕ್ಕೆರಡು ಸಲ ತಪ್ಪದೆ ಹಾಕಿ. ಸರಿಯನ್ನು ಬಟ್ಟೆಯಲ್ಲಿ ಸೋಸಿ ನೀರಾಗಿಸಬೇಡಿ, ಚಮಚ ಓರೆ ಮಾಡಿದರೆ ಸುರಿದುಹೋಗದಷ್ಟು ಗಟ್ಟಿ ಇರಲಿ. ವರ್ಷದವರೆಗೆ ಉಪ್ಪು ಬೇಡ, ಎರಡು ವರ್ಷದವರೆಗೆ ಸಕ್ಕರೆ, ಬೆಲ್ಲ ಎರಡೂ ಬೇಡ. ಇಡೀ ಕಡಲೆಬೀಜವನ್ನು ನಾಲ್ಕು ವರ್ಷದವರೆಗೂ ಕೈಗೆ ಸಿಗದಂತೆ ಇಡಿ. ನಮ್ಮ ಮನೆಗಳಲ್ಲಿ ಉಸಿರುನಾಳಕ್ಕೆ ಸಿಕ್ಕಿಕೊಳ್ಳುವ ವಸ್ತುಗಳಲ್ಲಿ ಅದು ಮುಖ್ಯವಾದದ್ದು. ಡಬ್ಬಿಯ ಆಹಾರ ಪ್ರಯಾಣಕ್ಕೆ ಒದಗಬಹುದು, ಕೊಳ್ಳುವ ಮುನ್ನ ಹಿಂಬದಿಯ ಪಟ್ಟಿಯಲ್ಲಿ ಸಕ್ಕರೆ ಇದೆಯೇ ನೋಡಿ.

ಪ್ರಶ್ನೆ: ಮಗನಿಗೆ ಒಂದೂವರೆ ವರ್ಷ. ಮೊಬೈಲಿನಲ್ಲಿ ಹಾಡು ಹಾಕದಿದ್ದರೆ ಒಂದು ತುತ್ತೂ ತಿನ್ನುವುದಿಲ್ಲ. ಇಂಗ್ಲಿಷ್ ರೈಮ್ಸ್ ಕೇಳಿದರೆ ಮಾತು ಬೇಗ ಬರುತ್ತದೆ ಎಂದು ಹಾಕತೊಡಗಿದ್ದೆವು. ಇನ್ನೂ ‘ಅಮ್ಮ’ ಎಂದೂ ಹೇಳುತ್ತಿಲ್ಲ. (ಬೆಂಗಳೂರು)

ಉತ್ತರ: ಭಾರತೀಯ ಮಕ್ಕಳ ತಜ್ಞರ ಸಂಘ 2021ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಎರಡು ವರ್ಷದೊಳಗೆ ಪರದೆಯೇ ಬೇಡ; ದೂರದಲ್ಲಿರುವ ಅಜ್ಜ ಅಜ್ಜಿಯರೊಡನೆ ಆಗೊಮ್ಮೆ ಈಗೊಮ್ಮೆ ವಿಡಿಯೊ ಕರೆ ಮಾತ್ರ ಇದಕ್ಕೆ ಹೊರತು. ಎರಡರಿಂದ ಐದು ವರ್ಷದವರೆಗೆ ದೊಡ್ಡವರ ಜೊತೆ ಕುಳಿತು ದಿನಕ್ಕೆ ಹೆಚ್ಚೆಂದರೆ ಒಂದು ಗಂಟೆ. ಇದಕ್ಕೆ ಕಾರಣವಿದೆ. ಮಗು ಮಾತು ಕಲಿಯುವುದು ಕೇಳಿಸಿಕೊಳ್ಳುವುದರಿಂದ ಮಾತ್ರವಲ್ಲ, ತಾನು ‘ಬಾ’ ಎಂದಾಗ ಎದುರಿನವರು ಅದಕ್ಕೆ ಓಗೊಡುವುದರಿಂದ. ಪರದೆ ಎಷ್ಟು ಹಾಡಿದರೂ ಮಗುವಿಗೆ ಓಗೊಡುವುದಿಲ್ಲ. ಊಟದಲ್ಲಿಯೂ ಹಾಗೆಯೇ, ಕಣ್ಣು ಪರದೆಯಲ್ಲಿದ್ದರೆ ಹೊಟ್ಟೆ ತುಂಬಿದ್ದು ಅದಕ್ಕೆ ತಿಳಿಯದು, ಬಾಯಿ ಮಾತ್ರ ತೆರೆಯುತ್ತಿರುತ್ತದೆ.

ಮೂರು ಊಟವನ್ನೂ ಒಂದೇ ದಿನ ಬದಲಿಸಲು ಹೋಗಬೇಡಿ. ಮನೆಯವರೆಲ್ಲ ಕುಳಿತು ಉಣ್ಣುವ ರಾತ್ರಿಯೂಟದಿಂದ ಆರಂಭಿಸಿ, ಅವನ ಮುಂದೆ ಒಂದು ತಟ್ಟೆ ಇಟ್ಟು ಕೈಯಿಂದ ತಾನೇ ತಿನ್ನಲು ಬಿಡಿ. ಚೆಲ್ಲಲಿ. ಅರ್ಧ ಗಂಟೆಯಾದ ಮೇಲೆ ತಟ್ಟೆ ಎತ್ತಿಬಿಡಿ, ಬೆನ್ನಟ್ಟಿ ಉಣಿಸಬೇಡಿ. ಆರೋಗ್ಯವಂತ ಮಗು ಒಂದು ಹೊತ್ತು ಕಡಿಮೆ ತಿಂದರೆ ಮುಂದಿನ ಹೊತ್ತಿಗೆ ಸರಿಮಾಡಿಕೊಳ್ಳುತ್ತದೆ, ತೂಕದ ಚಿಂತೆಯಿದ್ದರೆ ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ಗೆರೆಯನ್ನು ನೋಡಿ. ಮೊದಲ ಕೆಲವು ದಿನ ರಂಪ ಇರುತ್ತದೆ, ಆಗ ಮನೆಯ ದೊಡ್ಡವರೂ ಊಟದ ಹೊತ್ತಿನಲ್ಲಿ ಫೋನು ಮುಟ್ಟದಿರುವುದು ಅಗತ್ಯ. ಹಾಡು ಬೇಕಾದರೆ ನೀವೇ ಹಾಡಿ, ಸ್ವರ ಕೆಟ್ಟರೂ ಅಡ್ಡಿಯಿಲ್ಲ. ರಟ್ಟಿನ ದಪ್ಪ ಪುಟದ ಚಿತ್ರಪುಸ್ತಕಗಳು ಸಾಕು. ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕತೆಗಳು ಉಚಿತವಾಗಿ ಸಿಗುತ್ತವೆ, ಅವನ್ನು ಮುದ್ರಿಸಿಕೊಂಡು ತೊಡೆಯ ಮೇಲೆ ಕೂರಿಸಿಕೊಂಡು ಓದಿ. ಮನೆಯಲ್ಲಿ ಕನ್ನಡವಾಡುವವರು ಕನ್ನಡದಲ್ಲೇ ಮಾತಾಡಿ, ಅದರಿಂದ ಮುಂದಿನ ಇಂಗ್ಲಿಷಿಗೆ ತೊಂದರೆಯಾಗುವುದಿಲ್ಲ.

ಇಷ್ಟರಲ್ಲೇ ಕಾಯುತ್ತ ಕೂರಬೇಡಿ. 16 ತಿಂಗಳಾದರೂ ಅರ್ಥವಿರುವ ಒಂದು ಪದವೂ ಬಾರದ ಮಗುವನ್ನು ಪರೀಕ್ಷಿಸಲೇಬೇಕು. ‘ಅವರಪ್ಪನೂ ತಡವಾಗಿ ಮಾತಾಡಿದ್ದ’ ಎಂಬ ಸಮಾಧಾನ ಇಲ್ಲಿ ಉಪಯೋಗಕ್ಕೆ ಬಾರದು. ಹೆಸರು ಕರೆದರೆ ತಿರುಗುತ್ತಾನೆಯೇ, ಬೇಕಾದುದನ್ನು ಬೆರಳು ಮಾಡಿ ತೋರಿಸುತ್ತಾನೆಯೇ, ನಿಮ್ಮ ಕಣ್ಣಿಗೆ ಕಣ್ಣು ಕೊಡುತ್ತಾನೆಯೇ ಎಂಬುದನ್ನು ಈ ವಾರವೇ ಗಮನಿಸಿ ಬರೆದಿಟ್ಟುಕೊಂಡು ಮಕ್ಕಳ ವೈದ್ಯರನ್ನು ಕಾಣಿರಿ, ಎಲ್ಲಕ್ಕಿಂತ ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಎಳೆಯ ಮಕ್ಕಳ ಶ್ರವಣ ಹಾಗೂ ಮಾತಿನ ತಪಾಸಣೆಗೆ ಪೂರ್ಣ ವ್ಯವಸ್ಥೆಯಿದೆ, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿಯೂ ಈ ಪರೀಕ್ಷೆ ಆಗುತ್ತದೆ.